ಬೊಂಬೆಗೆ ಬಂದ ಚೆಂಡು

"ಅತ್ತಿಗೆ, ಇದು ನನ್ನ ದನಿ ಅಲ್ಲ" ಎಂದಳು ನಾದಿನಿ, ಹೆಡ್‌ಫೋನನ್ನು ಕಿವಿಯಿಂದ ಕೊರಳಿಗೆ ಇಳಿಸಿಕೊಳ್ಳುತ್ತ.

ಊರವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅತ್ತಿಗೆ ಕಂಪ್ಯೂಟರಿನತ್ತ ಬಾಗಿದಳು. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆಯೊಂದು ಏರಿಳಿಯುತ್ತ ಓಡುತ್ತಿತ್ತು. ಅದು ಭೂಗೋಳ ಪುಸ್ತಕದ ಅಲೆಗಳ ಪಾಠ. ಹೋದ ವಾರ ನಾದಿನಿ ತನ್ನ ಅಂಗಡಿ ಮುಚ್ಚಿ ಬಂದು, ಬಾಗಿಲು ಹಾಕಿಕೊಂಡು ಕೂತು ಓದಿದ್ದ ಪಾಠ. ಈಗ ಅದರೊಳಗಿಂದ ಬರುತ್ತಿದ್ದದ್ದು ಅಕ್ಕನ ದನಿ.

"ನೀನು ಒಂದೆರಡು ಕಡೆ ತಡವರಿಸಿದ್ದೆ ಕಣೆ. ಅದಕ್ಕೇ ನಾನೇ ಓದಿಬಿಟ್ಟೆ."

"ತಡವರಿಸಿದ ಕಡೆ ಮತ್ತೆ ಓದು ಅಂದಿದ್ರೆ ಓದ್ತಿದ್ದೆ. ಇಡೀ ಪಾಠಾನೇ ಅಳಿಸಿಬಿಟ್ಟಿದ್ದೀರಲ್ಲ!"

"ಪಾಪ, ಮಕ್ಕಳಿಗೆ ಪರೀಕ್ಷೆ ಹತ್ರ ಬಂತು. ಚೆನ್ನಾಗಿರಬೇಕಲ್ವಾ?"

ನಾದಿನಿ ಚೀಲ ಹೆಗಲಿಗೇರಿಸಿದಳು. "ಗಣಿತದ ಮೇಷ್ಟ್ರು ಇಲ್ಲಿಗೆ ಓದೋಕೆ ಬರೋದು ಯಾಕೆ ನಿಲ್ಲಿಸಿದ್ರು ಅಂತ ಇವತ್ತು ಗೊತ್ತಾಯ್ತು ಬಿಡಿ" ಎಂದವಳೇ ಮೆಟ್ಟಿಲಿಳಿದು ಹೋದಳು. ಚಪ್ಪಲಿಯ ಸದ್ದು ಕೆಳಗಿನ ಬಣ್ಣದಂಗಡಿಯ ಗದ್ದಲದಲ್ಲಿ ಕರಗಿತು.

ಬಣ್ಣದಂಗಡಿಯ ಮೇಲಿನ ಆ ಎರಡು ಕೋಣೆಗಳೇ ಅಕ್ಕನ ಸಂಸ್ಥೆ. ಒಳಕೋಣೆಯ ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಹೊಡೆದು, ಬೀದಿಯ ಸದ್ದು ಬಾರದಂತೆ ಮಾಡಿದ್ದರು. ಊರಾಚೆಯ ಅಂಧ ಹುಡುಗಿಯರ ಶಾಲೆಗಾಗಿ ಅಲ್ಲಿ ಪುಸ್ತಕಗಳನ್ನು ಓದಿ ರೆಕಾರ್ಡು ಮಾಡುತ್ತಿದ್ದರು. ಶುರುವಿನಲ್ಲಿ ಓದಲು ಬರುವವರು ಮೆಟ್ಟಿಲ ಮೇಲೆ ಸಾಲಾಗಿ ಕೂತು ಹರಟುತ್ತ ಸರದಿ ಕಾಯುತ್ತಿದ್ದರು. ಅಕ್ಕನಿಗೆ ಯಾರ ಓದೂ ಹಿಡಿಸುತ್ತಿರಲಿಲ್ಲ. ಒಬ್ಬರದು ಮೂಗಿನ ದನಿ, ಇನ್ನೊಬ್ಬರದು ಅವಸರ, ಗಣಿತದ ಮೇಷ್ಟ್ರದು ಕತೆಯನ್ನೂ ಲೆಕ್ಕ ಹೇಳಿಕೊಟ್ಟ ಹಾಗೆ ಓದುವ ರೀತಿ. ಎಲ್ಲರೂ ಮನೆಗೆ ಹೋದ ಮೇಲೆ ಅವಳೊಬ್ಬಳೇ ಕೂತು ಮತ್ತೆ ಓದುತ್ತಿದ್ದಳು. ಬರುಬರುತ್ತ ಮೆಟ್ಟಿಲು ಖಾಲಿಯಾಯಿತು.

ನಾದಿನಿ ಮುನಿಸಿಕೊಂಡು ಹೋದ ವಾರದಲ್ಲೇ ಅಕ್ಕನ ಗಂಟಲು ಕೈಕೊಟ್ಟಿತು. ಬೆಳಿಗ್ಗೆ ಎದ್ದು ಗಂಡನನ್ನು ಕರೆಯಲು ಬಾಯಿ ತೆರೆದರೆ ಬರೀ ಗಾಳಿ ಹೊರಟಿತು.

"ದುಡಿಸಿ ದುಡಿಸಿ ಗಂಟಲನ್ನ ಹಣ್ಣು ಮಾಡಿದ್ದೀರ" ಎಂದರು ಡಾಕ್ಟರು. "ನಾನು ಹೇಳೋವರೆಗೂ ಮಾತಿಲ್ಲ. ಪಿಸುಮಾತೂ ಕೂಡದು."

"ಮದುವೆ ಆದಾಗಿಂದ ನನ್ನ ಮಾತು ನನಗೇ ಕೇಳಿಸ್ತಿರೋದು ಇದೇ ಮೊದಲು" ಎಂದು ಗಂಡ ನಗಿಸಲು ನೋಡಿದ. ಅವಳ ಮುಖ ನೋಡಿ, ಬಿಸಿನೀರು ಕಾಯಿಸಲು ಎದ್ದ.

ಅರ್ಧ ಪುಸ್ತಕ ಇನ್ನೂ ಬಾಕಿಯಿತ್ತು. ಆದರೂ ಮಾತಿಲ್ಲದ ಆ ದಿನಗಳಲ್ಲಿ ಗಾಬರಿಗಿಂತ ಹೆಚ್ಚಾಗಿ ಒಂದು ಮಂಪರು ಅವಳನ್ನು ಕವಿಯಿತು. ನೀರಿನೊಳಗೆ ಮುಳುಗಿ ಮೇಲಿನ ಬೆಳಕನ್ನು ನೋಡುತ್ತಿರುವವಳಂತೆ ಮನೆಯಲ್ಲಿ ಸುಳಿದಾಡಿದಳು. ಪಾತ್ರೆಗಳ ಸದ್ದು, ಎದುರು ಮನೆಯವರ ಮಾತು, ಎಲ್ಲವೂ ಎಲ್ಲೋ ದೂರದಿಂದ ತೇಲಿ ಬಂದಂತೆ ಕೇಳುತ್ತಿತ್ತು. ಉತ್ತರ ಕೊಡುವ ಜವಾಬ್ದಾರಿಯಿಲ್ಲದ ಕಿವಿಗೆ ಎಷ್ಟೆಲ್ಲ ಕೇಳಿಸುತ್ತದಲ್ಲ ಎಂದು ಅವಳಿಗೇ ಬೆರಗಾಯಿತು.

ಆಗ ಬಂತು ಕಾಲೇಜಿನ ಕೋಚ್ ಮೇಡಮ್ ಅವರ ಫೋನು. ಗಂಡ ಎತ್ತಿಕೊಂಡ. ಮೇಡಮ್ ನಿವೃತ್ತರಾಗುತ್ತಿದ್ದಾರೆ, ಹಳೆಯ ಬ್ಯಾಸ್ಕೆಟ್‌ಬಾಲ್ ಹುಡುಗಿಯರೆಲ್ಲ ಕೊನೆಯದಾಗಿ ಒಂದು ಆಟ ಆಡುತ್ತಾರೆ, ಗಿಡುಗ ಬರಲೇಬೇಕು. ಅವಳು ಬೇಡವೆಂದು ಕೈಯಾಡಿಸುತ್ತಿರುವಾಗಲೇ ಗಂಡ, "ಬರ್ತಾಳೆ ಮೇಡಮ್, ಬೇಡ ಅನ್ನೋಕೆ ಅವಳಿಗೆ ಬಾಯೇ ಇಲ್ಲ" ಎಂದುಬಿಟ್ಟ.

ಕಾಲೇಜಿನಲ್ಲಿ ಅವಳ ಹೆಸರು ಗಿಡುಗ. ಯಾರ ಕೈಯಲ್ಲಿದ್ದರೂ ಚೆಂಡನ್ನು ಎಗರಿಸಿಕೊಂಡು ಹೋಗಿ ಬುಟ್ಟಿಗೆ ಹಾಕುತ್ತಿದ್ದವಳು. ಬುಟ್ಟಿಯ ಕೆಳಗೆ ಕೈಯೆತ್ತಿ ನಿಂತೇ ಇರುತ್ತಿದ್ದ ಉದ್ದನೆಯ ಹುಡುಗಿಗೆ ಬೊಂಬೆ ಎಂಬ ಹೆಸರು ಬಿದ್ದದ್ದೂ ಹಾಗೆಯೇ. ಚೆಂಡು ಅವಳವರೆಗೆ ಹೋಗುತ್ತಲೇ ಇರಲಿಲ್ಲ. ಆ ತಂಡ ಎಲ್ಲರನ್ನೂ ಸೋಲಿಸಿ ಫೈನಲಿಗೆ ಹೋಗಿ, ಅಲ್ಲಿ ಮಣ್ಣುಮುಕ್ಕಿತು. "ನಿನ್ನೊಬ್ಬಳನ್ನ ತಡೆದ್ರೆ ಸಾಕು ಅಂತ ಅವರಿಗೆ ಗೊತ್ತಿತ್ತು" ಎಂದಿದ್ದರು ಮೇಡಮ್. ಅದನ್ನು ಅವಳು ಹೊಗಳಿಕೆ ಎಂದೇ ಇಷ್ಟು ವರ್ಷ ಇಟ್ಟುಕೊಂಡಿದ್ದಳು.

ಆಟದ ದಿನ ಕಾಲೇಜಿನ ಒಳಾಂಗಣ ಕೋರ್ಟಿನ ಎತ್ತರದ ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ಓರೆಯಾಗಿ ಇಳಿದಿತ್ತು. ಅದರಲ್ಲಿ ಧೂಳಿನ ಕಣಗಳು ಹೊಳೆಯುತ್ತಿದ್ದವು. ನರೆತ ತಲೆಗಳು, ಉಬ್ಬಿದ ಹೊಟ್ಟೆಗಳು, ಮಂಡಿಗೆ ಪಟ್ಟಿ ಕಟ್ಟಿಕೊಂಡ ಕಾಲುಗಳು. ಮೇಡಮ್ ಸೀಟಿ ಊದಿದರು.

ಅಕ್ಕ ಓಡಿದಳು. ಹಿಂದಿನ ಹಾಗೆ "ಇಲ್ಲಿ! ನನಗೆ!" ಎಂದು ಕೂಗುವಂತಿರಲಿಲ್ಲ. ಕೂಗದವಳಿಗೆ ಯಾರೂ ಚೆಂಡು ಕೊಡಲಿಲ್ಲ. ಈ ತುದಿಯಿಂದ ಆ ತುದಿಗೆ ಬರಿಗೈಯಲ್ಲಿ ಓಡುತ್ತ, ಸುತ್ತ ಎಷ್ಟು ಕೈಗಳು ಎದ್ದಿವೆ ಎಂಬುದನ್ನು ಅವಳು ನೋಡಿದಳು. ಎಲ್ಲ ಕೈಗಳೂ ಬಿಸಿಲಲ್ಲಿ ನಿಧಾನವಾಗಿ ತೂಗುವಂತೆ ಕಂಡವು. ಯಾರೂ ಏನೂ ಕೇಳುತ್ತಿರಲಿಲ್ಲ, ಬರೀ ಕಾಯುತ್ತಿದ್ದರು.

ಕೊನೆಗೊಮ್ಮೆ ಚೆಂಡು ಪುಟಿದು ಅವಳ ಕೈಗೇ ಬಂತು. ಇಬ್ಬರು ಬಂದು ಮುತ್ತಿಕೊಂಡರು. ಜಿಗಿಯಲು ಮಂಡಿ ಮಡಚಿದಳು. ಅವರಿಬ್ಬರ ತೋಳುಗಳ ನಡುವಿನ ಸಂದಿಯಲ್ಲಿ ಬುಟ್ಟಿಯ ಕೆಳಗೆ ಬೊಂಬೆ ನಿಂತದ್ದು ಕಂಡಿತು, ಎರಡೂ ಕೈಯೆತ್ತಿ.

ಅಕ್ಕ ಚೆಂಡನ್ನು ಬಿಟ್ಟುಕೊಟ್ಟಳು.

ಬೊಂಬೆ ಬೆಚ್ಚಿದಳು. ಹಿಡಿದಳು, ತಿರುಗಿದಳು, ಎಸೆದಳು. ಚೆಂಡು ಕಬ್ಬಿಣದ ಬಳೆಗೆ ಬಡಿದು ಹೊರಗೆ ಬಿತ್ತು. ಅಕ್ಕನ ಎದೆಯೊಳಗೆ ಹಳೆಯ ಗಿಡುಗ ರೆಕ್ಕೆ ಬಡಿಯಿತು: ನೋಡು, ನಾನೇ ಹಾಕಿದ್ದರೆ!

"ಇನ್ನೊಂದ್ಸಲ ಕೊಡೇ!" ಎಂದು ಬೊಂಬೆ ಕೂಗಿದಳು, ನಾಚಿಕೆಯೇ ಇಲ್ಲದೆ, ಮುಖವರಳಿಸಿಕೊಂಡು.

ಅಕ್ಕ ಓಡಿಹೋಗಿ ಉರುಳುತ್ತಿದ್ದ ಚೆಂಡನ್ನು ಬಾಚಿಕೊಂಡಳು. ಒಂದು ಗಳಿಗೆ ಅದನ್ನು ಎದೆಗವಚಿ ನಿಂತಳು. ಮತ್ತೆ ಕೊಟ್ಟಳು. ಈ ಸಲ ಚೆಂಡು ಬಳೆಯ ಅಂಚಿನ ಮೇಲೆ ಸೋಮಾರಿಯಂತೆ ಸುತ್ತಿ, ಮನಸ್ಸಿಲ್ಲದ ಮನಸ್ಸಿನಿಂದ ಒಳಗಿಳಿಯಿತು.

ಬೊಂಬೆ ಬಂದು ಬೆವರಿನ ತೋಳುಗಳಲ್ಲಿ ಅವಳನ್ನು ಅಪ್ಪಿಕೊಂಡಳು. "ಆವಾಗ್ಲೇ ಕೊಡಬಾರ್ದಿತ್ತೇನೇ, ಮಹರಾಯ್ತಿ?" ಎಂದು ಬೆನ್ನಿಗೊಂದು ಗುದ್ದಿದಳು. ಅಕ್ಕ ಸದ್ದಿಲ್ಲದೆ ನಕ್ಕಳು. ಅವಳ ಕಣ್ಣಿನಿಂದ ನೀರು ಹರಿಯುತ್ತಿತ್ತು.

ಅಲ್ಲಿಂದ ಅವಳು ನೇರ ಹೋದದ್ದು ನಾದಿನಿಯ ಹೊಲಿಗೆ ಅಂಗಡಿಗೆ. ನಾದಿನಿ ತಲೆಯೆತ್ತದೆ ಮಿಷನ್ ತುಳಿಯುತ್ತಿದ್ದಳು. ಅಕ್ಕ ಚೀಲದಲ್ಲೇ ಇದ್ದ ಭೂಗೋಳ ಪುಸ್ತಕ ತೆಗೆದು ಬಟ್ಟೆಯ ರಾಶಿಯ ಮೇಲೆ ಇಟ್ಟಳು. ಅದರ ಮೇಲೆ ಕೋಣೆಯ ಬೀಗದ ಕೈ ಇಟ್ಟಳು. ಮಿಷನ್ ನಿಂತಿತು.

"ನಿಮ್ಮ ಗಂಟಲು ಹೋಯ್ತು ಅಂತ ನಾನು ಬೇಕಾದ್ನಾ?"

ಅಕ್ಕ ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಎರಡೂ ಕೈಗಳನ್ನು ಬರಿದಾಗಿ ಮುಂದೆ ಚಾಚಿ ನಿಂತಳು.

ನಾದಿನಿ ಬೀಗದ ಕೈ ಸರಿಸಿ ಪುಸ್ತಕ ಎತ್ತಿಕೊಂಡಳು. "ನಾನು ತಡವರಿಸ್ತೀನಿ. ಮೊದಲೇ ಹೇಳಿದ್ದೀನಿ. ಆಮೇಲೆ, ಗಂಟಲು ಸರಿಹೋದ ಮೇಲೆ ಅಳಿಸೋ ಹಾಗಿಲ್ಲ."

ಅಕ್ಕ ಕೆನ್ನೆಗೆ ಬಡಿದುಕೊಂಡಳು. ನಾದಿನಿಗೆ ನಗು ತಡೆಯಲಾಗಲಿಲ್ಲ. "ಸರಿ, ನಡೀರಿ. ಮೇಷ್ಟ್ರನ್ನ ನಾನು ಒಪ್ಪಿಸ್ತೀನಿ. ಅವರು ನಿಮ್ಮ ಮುಖ ನೋಡಿದ್ರೆ ಬರಲ್ಲ" ಎಂದಳು.

ಅಲೆಗಳ ಪಾಠವನ್ನು ನಾದಿನಿ ಮತ್ತೆ ಓದಿದಳು. ಮರುಭೂಮಿಗಳನ್ನು ಮೇಷ್ಟ್ರು ಲೆಕ್ಕ ಹೇಳಿಕೊಟ್ಟಂತೆಯೇ ಓದಿದರು. ಅಕ್ಕ ಎರಡು ಕೋಣೆಗಳ ನಡುವಿನ ಗಾಜಿನ ಈಚೆ ಕೂತು ಗುಂಡಿ ಒತ್ತಿದಳು, ನೀರು ತಂದುಕೊಟ್ಟಳು. ಕೈ ಎಷ್ಟೋ ಸಲ ನಿಲ್ಲಿಸುವ ಗುಂಡಿಯ ಕಡೆಗೆ ಹೊರಟಿತು. ಪ್ರತಿಸಲವೂ ಅದನ್ನು ಹಿಡಿದು ತಂದು ಮಡಿಲಲ್ಲಿ ಕೂರಿಸಿದಳು.

ಪರೀಕ್ಷೆಗೆ ಮುಂಚೆ ಅವಳು ಶಾಲೆಗೆ ಹೋದಾಗ ಹುಡುಗಿಯರು ಉದ್ದನೆಯ ಹಜಾರದಲ್ಲಿ ಚಾಪೆಯ ಮೇಲೆ ಕೂತು ಪಾಠ ಕೇಳುತ್ತಿದ್ದರು. ನಾದಿನಿಯ ದನಿ ಒಂದು ಸಮುದ್ರದ ಉದ್ದ ಹೆಸರಿನ ಹತ್ತಿರ ಬಂದು ಎಡವಿತು. "ಅಯ್ಯೋ, ತಾಳ್ರೇ ಮಕ್ಕಳೇ" ಎಂದು ನಕ್ಕಿತು.

"ತಾಳ್ತೀವಿ!" ಎಂದಳು ಗುಂಪಿನಲ್ಲಿ ಒಬ್ಬಳು. ಇಡೀ ಸಾಲು ಕಿಸಕ್ಕನೆ ನಕ್ಕು, ಮತ್ತೆ ಮೌನವಾಗಿ ಕಿವಿಗೊಟ್ಟಿತು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅಂಚಿನಲ್ಲಿದ್ದ ಹುಡುಗಿಯೊಬ್ಬಳು ಅವಳ ಹೆಜ್ಜೆಯ ಸುಳಿವು ಹಿಡಿದು, ಈ ಕಡೆ ಮುಖ ತಿರುಗಿಸದೆಯೇ, ಚಾಪೆಯ ಮೇಲೆ ತುಸು ಒತ್ತರಿಸಿ ಕೂತು ಜಾಗ ಮಾಡಿದಳು.