ಮೂವತ್ತೆರಡು ಅಡಿ

ದೋಣಿಗಳಿಗೆ ದಾರಿ ಬಿಡಲು ಎತ್ತುವ ನಮ್ಮ ಕಾಲುವೆ ಸೇತುವೆಯ ಗೋಪುರವನ್ನು ವರ್ಷಕ್ಕೊಂದು ದಿನ ಊರವರಿಗೆಲ್ಲ ತೆರೆದಿಡುತ್ತಾರೆ. ಮೂವತ್ತೆಂಟು ವರ್ಷ ನಾನು ಆ ಕಡೆ ತಲೆ ಹಾಕಿರಲಿಲ್ಲ. ಈ ವರ್ಷ ಹೋದೆ, ಅದೂ ಏಲಕ್ಕಿ ಬ್ರೆಡ್ ಮಾಡಿಕೊಂಡು, ಒಳ್ಳೆಯ ಕೋಟು ಹಾಕಿಕೊಂಡು. ಎಪ್ಪತ್ತೊಂದು ವರ್ಷದವಳು ಮದುವೆ ಮನೆಗೆ ಹೊರಟಂತೆ ಹೊರಟದ್ದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಕಾರಣ ಒಂದು ಫಲಕ. ಸೇತುವೆಗೆ ಅರವತ್ತು ತುಂಬಿತೆಂದು, ಇಷ್ಟು ವರ್ಷ ಅದನ್ನು ಎತ್ತಿ ಇಳಿಸಿದವರ ಹೆಸರುಗಳನ್ನು ಹಿತ್ತಾಳೆಯಲ್ಲಿ ಕೊರೆಸಿ ಗೋಪುರದ ಬುಡದಲ್ಲಿ ಹಾಕಿಸಲು ಎರಡೂ ಊರಿನವರು ಸೇರಿ ತೀರ್ಮಾನಿಸಿದ್ದರು. ಒಟ್ಟು ಹದಿನಾಲ್ಕು ಜನ. ಮೊದಲ ಪಟ್ಟಿಯಲ್ಲಿ ಹದಿಮೂರೇ ಹೆಸರಿತ್ತು. ಇಲ್ಲದಿದ್ದದ್ದು ನನ್ನ ಗಂಡ ಅರ್ವೊ ಹಿಲ್ಟುನೆನ್‌ನದು.

ಮರೆತು ಬಿಟ್ಟದ್ದಲ್ಲ. ಕಾಲುವೆಯ ಈ ದಡದ ಹಾರ್ಮನ್ ನಮ್ಮದು, ಫಿನ್ಲೆಂಡಿನಿಂದ ಬಂದ ಫಿನ್ನರ ಊರು. ಆ ದಡದ ವೀಲ್ಟನ್ ಗಣಿ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದ ಕಾರ್ನಿಷ್ ಜನರದು. ಶಾಲೆ ಅವರ ಕಡೆ, ಆಸ್ಪತ್ರೆ ನಮ್ಮ ಕಡೆ. ಎಂಬತ್ತೊಂದರ ಅಕ್ಟೋಬರಿನ ಒಂದು ಬೆಳಿಗ್ಗೆ ಸುಪೀರಿಯರ್ ಸರೋವರದ ಮಂಜು ಕಾಲುವೆಯನ್ನೆಲ್ಲ ಮುಚ್ಚಿತ್ತು. ದೋಣಿಯೊಂದು ಒಂದು ಉದ್ದ, ಒಂದು ಗಿಡ್ಡ ಸಿಳ್ಳೆ ಹಾಕಿತು. ಹಾಗೆ ಹಾಕಿದರೆ ಸೇತುವೆ ಎತ್ತಲೇಬೇಕು. ನೀರಿನ ಮೇಲಿರುವವನಿಗೆ ಮೊದಲು ದಾರಿ, ರಸ್ತೆಯವನಿಗೆ ಆಮೇಲೆ, ಅದು ಕಾನೂನು. ಅರ್ವೊ ಎತ್ತಿದ. ದೋಣಿ ಮಂಜಿನಲ್ಲಿ ತೆವಳಿಕೊಂಡು ದಾಟುವಷ್ಟರಲ್ಲಿ ವೀಲ್ಟನ್ ಕಡೆಯಿಂದ ಆಂಬುಲೆನ್ಸ್ ಬಂದು ನಿಂತಿತ್ತು. ಅದರಲ್ಲಿ ಉಬ್ಬಸ ಹೆಚ್ಚಾಗಿ ಉಸಿರಿಗೆ ಒದ್ದಾಡುತ್ತಿದ್ದ ಮಾರ್ಗರೆಟ್ ಟ್ರೆವಾರೊ ಇದ್ದಳು. ಹನ್ನೊಂದು ನಿಮಿಷ ಕಾದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ಪ್ರಾಣ ಹೋಗಿತ್ತು.

ಯಾವ ದೋಣಿ ಎಂದು ವಿಚಾರಣೆಯಲ್ಲಿ ಕೇಳಿದರು. ಹೊರಗಿನ ಯಾವುದೋ ಹಾಯಿದೋಣಿ, ಮಂಜಿನಲ್ಲಿ ಹೆಸರು ಕಾಣಲಿಲ್ಲ ಎಂದ ಅರ್ವೊ. ಕಾನೂನು ಅವನನ್ನು ಬಿಟ್ಟಿತು, ವೀಲ್ಟನ್ ಬಿಡಲಿಲ್ಲ. ಹಾಯಿದೋಣಿಯವನು ಅವರ ಕೈಗೆ ಸಿಗುವಂತಿರಲಿಲ್ಲ, ಅರ್ವೊ ದಿನಾ ಸಿಗುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಆ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದೆ. ಆ ಹೆಂಗಸು ಬಡಿಸಿದ್ದನ್ನು ತಿನ್ನಬೇಡಿ ಎಂದು ತಾಯಂದಿರು ಮಕ್ಕಳಿಗೆ ಹೇಳಿ ಕಳಿಸಿದರು. ತಿಂಗಳು ತುಂಬುವುದರೊಳಗೆ ಕೆಲಸ ಬಿಟ್ಟೆ. ಅರ್ವೊ ಸತ್ತು ಆರು ವರ್ಷವಾಯಿತು. ಮಣ್ಣು ಮಾಡುವಾಗ ಆ ದಡದಿಂದ ಒಂದು ನರಪಿಳ್ಳೆ ಬರಲಿಲ್ಲ.

ಹಾಗಾಗಿ ನನಗೆ ಆ ಫಲಕದಲ್ಲಿ ಅವನ ಹೆಸರು ಬೇಕಿತ್ತು. ಬೇರೇನೂ ಬೇಕಿರಲಿಲ್ಲ. ಅದನ್ನು ಮಾಡಿಸಿಕೊಟ್ಟವನು ನನ್ನ ಅಣ್ಣ ರೈಮೊ. ಎಪ್ಪತ್ತೇಳರ ರೈಮೊ ಮೀನುಗಾರ. ವೀಲ್ಟನ್‌ನಲ್ಲಿ ಅವನ ಬಿಳಿಮೀನು ತಿನ್ನದ ಮನೆಯಿಲ್ಲ, ಅವನ ಬೆನ್ನು ತಟ್ಟದ ಮನುಷ್ಯನಿಲ್ಲ. "ಬ್ರೆಂಡಾ ಹತ್ರ ಮಾತಾಡಿದೀನಿ ಸಿಲ್ವಿ, ಹೂಂ ಅಂದ್ಲು," ಎಂದು ಅವನು ಬಂದು ಹೇಳಿದ ದಿನ ನಾನು ಅವನ ಕೈ ಹಿಡಿದುಕೊಂಡು ಅತ್ತಿದ್ದೆ. ಬ್ರೆಂಡಾ ಎಂದರೆ ಮಾರ್ಗರೆಟ್‌ಳ ಮಗಳು. ತಾಯಿ ಹೋದಾಗ ಒಂಬತ್ತು ವರ್ಷದವಳು, ಈಗ ಈ ಸಮಾರಂಭದ ಯಜಮಾನಿ.

ಗೋಪುರದ ಬಾಗಿಲಲ್ಲೇ ಸಿಕ್ಕಳು. ಬ್ರೆಡ್ಡಿನ ಡಬ್ಬಿ ತೆಗೆದುಕೊಂಡಳು, ನಗಲಿಲ್ಲ.

"ನಿಜ ಹೇಳ್ತೀನಿ ಮಿಸೆಸ್ ಹಿಲ್ಟುನೆನ್, ನನಗೆ ಮನಸ್ಸಿರಲಿಲ್ಲ," ಎಂದಳು. "ರೈಮೊ ಮುಖ ನೋಡಿ ಒಪ್ಕೊಂಡೆ. ಅಮ್ಮ ಹೋದಾಗಿಂದ ಒಂದು ಶುಕ್ರವಾರಾನೂ ತಪ್ಪಿಸದೆ ನಮ್ಮನೆಗೆ ಮೀನು ತಂದುಕೊಟ್ಟಿದಾರೆ. ಅಂಥೋರು ಬಂದು ಕೇಳಿದ್ಮೇಲೆ ಹೇಗೆ ಇಲ್ಲ ಅನ್ನಲಿ?"

"ಬಿಡಮ್ಮ, ಮೀನೇನು ಮಹಾ," ಎಂದು ನನ್ನ ಜೊತೆ ಬಂದಿದ್ದ ರೈಮೊ ಟೋಪಿ ಸರಿಮಾಡಿಕೊಂಡ. ಇಂಥ ಅಣ್ಣ ಯಾರಿಗುಂಟು ಎಂದು ನಾನು ಬೀಗಿದೆ.

ಮೇಲಿನ ಕೋಣೆಗೆ ಕಬ್ಬಿಣದ ಮೆಟ್ಟಿಲು. ರೈಮೊ ಏದುಸಿರು ಬಿಡುತ್ತ ಹಿಂದೆ ಬಂದ. "ನಿನ್ನ ಗಂಡ ದಿನಾ ಇದನ್ನ ಹತ್ತಿದ್ದಕ್ಕೇ ಅಷ್ಟು ತೆಳ್ಳಗಿದ್ದ. ನಾನು ಹತ್ತಿದ್ರೆ ಸೇತುವೆ ಎತ್ತೋ ಮೊದಲು ನನ್ನನ್ನ ಎತ್ತಬೇಕಾಗುತ್ತೆ," ಎಂದು ನಗಿಸಿದ. ಈಗ ಸೇತುವೆ ಎತ್ತುವ ಕೆಲಸದಲ್ಲಿರುವ ಗ್ಲೆನ್ ನನ್ನನ್ನು ಅರ್ವೊನ ಕುರ್ಚಿಯಲ್ಲೇ ಕೂರಿಸಿದ. ಕಪಾಟಿನಿಂದ ಹಳೆಯ ದಿನಚರಿ ಪುಸ್ತಕವೊಂದನ್ನು ತಂದು ಮುಂದಿಟ್ಟ.

"ಅಕ್ಷರ ನೋಡಿ ಹೇಗಿದೆ. ಅಚ್ಚು ಹಾಕಿದ ಹಾಗೆ," ಎಂದ.

ಎಂಬತ್ತೊಂದರ ಪುಸ್ತಕ. ಬೇಡ ಬೇಡವೆಂದರೂ ಬೆರಳು ಆ ತಾರೀಖಿಗೇ ಹೋಯಿತು. ಬೆಳಿಗ್ಗೆ ಎಂಟೂ ಹತ್ತು. ದಟ್ಟ ಮಂಜು. ಹಾಯಿದೋಣಿ, ಹೆಸರು ತಿಳಿಯದು. ಕೊನೆಯ ಅಂಕಣದಲ್ಲಿ ಸೇತುವೆಯನ್ನು ಎಷ್ಟು ಅಡಿಗೆ ಎತ್ತಿದೆ ಎಂದು ಬರೆಯಬೇಕು. ಅಲ್ಲಿ ಮೂವತ್ತೆರಡು ಎಂದಿತ್ತು.

ಹಾಯಿದೋಣಿಯ ಕಂಬ ಮೂವತ್ತೆರಡರಲ್ಲಿ ದಾಟುವುದಿಲ್ಲ, ಸೇತುವೆಗೆ ಬಡಿದು ಮುರಿಯುತ್ತದೆ. ಈ ಕಾಲುವೆಯಲ್ಲಿ ಮೂವತ್ತೆರಡು ಅಡಿ ಕೇಳುತ್ತಿದ್ದ ದೋಣಿ ಒಂದೇ, ಅಮ್ಮನ ಹೆಸರಿಟ್ಟ ರೈಮೊನ 'ಐನೊ'. ಅದರ ನೆತ್ತಿಯ ಮೇಲೊಂದು ರೇಡಿಯೊ ಕಂಬಿ. ಅಂಥ ಕಂಬಿ ಎಲ್ಲ ಮೀನುಗಾರರಿಗೂ ಇತ್ತು. ಸೇತುವೆ ಹತ್ತಿರ ಬಂದಾಗ ಅವರು ಒಂದು ತಿರುಪು ಸಡಿಲಿಸಿ ಅದನ್ನು ಮಲಗಿಸಿ, ಸಿಳ್ಳೆ ಹಾಕದೆ ಅಡಿಯಲ್ಲೇ ನುಸುಳಿ ಹೋಗುತ್ತಿದ್ದರು. ನಿಯಮವೂ ಅದೇ. ರೈಮೊ ಮಾತ್ರ ಮಲಗಿಸುತ್ತಿರಲಿಲ್ಲ. ತಂಗಿ ಗಂಡ ಮೇಲೆ ಕೂತಿರುವಾಗ ನಾನ್ಯಾಕೆ ಬಗ್ಗಲಿ ಎನ್ನುತ್ತಿದ್ದ. "ನಿಮ್ಮಣ್ಣನಿಗೆ ಇವತ್ತೂ ಮೂವತ್ತೆರಡು," ಎಂದು ಅರ್ವೊ ಕಾಫಿ ಕುಡಿಯುತ್ತ ಗೊಣಗುವುದು ನಮ್ಮ ಮನೆಯ ನಿತ್ಯದ ಹಾಡಾಗಿತ್ತು.

ದೋಣಿಯ ವಿಷಯದಲ್ಲಿ ಅರ್ವೊ ಸುಳ್ಳು ಬರೆದಿದ್ದ. ಅಡಿಯ ವಿಷಯದಲ್ಲಿ ಅವನ ಕೈಗೆ ಅದು ಆಗಲಿಲ್ಲ. ಎತ್ತರ ತೋರಿಸುವ ಮುಳ್ಳು ನೋಡುವುದು, ಕಂಡದ್ದನ್ನು ಬರೆಯುವುದು, ಅಷ್ಟೇ ಆ ಕೈಗೆ ಗೊತ್ತಿದ್ದದ್ದು. ವಿಚಾರಣೆಯವರು ಗಂಟೆ ನಿಮಿಷ ನೋಡಿದರೇ ಹೊರತು ಆ ಅಂಕಣ ಓದಲಿಲ್ಲ.

"ಮೂವತ್ತೆರಡು," ಎಂದೆ, ಅಷ್ಟೇ.

"ಅವತ್ತು ಮಂಜಿತ್ತು ಸಿಲ್ವಿ," ಎಂದ ರೈಮೊ ಕಿಟಕಿಯ ಕಡೆ ತಿರುಗಿ. ಯಾವತ್ತು ಎಂದು ನಾನು ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ.

ಮೆಟ್ಟಿಲಿನ ತಿರುವಿನಲ್ಲಿ ಅವನನ್ನು ನಿಲ್ಲಿಸಿದೆ. ಮೆಟ್ಟಿಲ ಕಂಬಿ ಹಿಡಿದು ನಿಂತ.

"ನಾನು ಹೇಳ್ಬಿಡ್ತೀನಿ ಅಂದಿದ್ದೆ. ಅವನೇ ಬೇಡ ಅಂದ. ನನಗೆ ಮೂರು ಚಿಕ್ಕ ಮಕ್ಕಳು. ವೀಲ್ಟನ್‌ನೋರು ಮೀನು ಕೊಳ್ಳದೇ ಇದ್ದಿದ್ರೆ ಗತಿ ಏನು? ಅವನದು ಸರ್ಕಾರಿ ಕೆಲಸ, ಯಾರೂ ಕಿತ್ಕೊಳೋ ಹಾಗಿರಲಿಲ್ಲ."

"ಮಕ್ಕಳು ದೊಡ್ಡೋರಾದ್ಮೇಲೆ? ಅವನು ಸತ್ತ ಮೇಲೆ? ಆಗೇನಾಗಿತ್ತು ನಿನಗೆ?"

"ದಿನ ಹೋದಷ್ಟೂ ಬಾಯಿ ಬರ್ಲಿಲ್ಲ."

"ನನಗೂ ಒಬ್ಬಳು ಮಗಳಿದ್ಲಲ್ಲೋ! ಕೊಲೆಗಾರನ ಮಗಳು ಅಂತ ಶಾಲೇಲಿ ಉಗಿಸ್ಕೊಂಡು ಮನೆಗೆ ಬಂದಾಗ ಕಾರಿನಾಗೆ ಹನ್ನೊಂದು ವರ್ಷ. ಅವತ್ತು ನೀನು ನಮ್ಮ ಅಡುಗೆಮನೇಲೇ ಕೂತಿದ್ದೆ. ಕಾಫಿ ಕುಡೀತಿದ್ದೆ!"

"ಈಗ ಹೆಸರು ಬಂತಲ್ಲ. ನಿನಗೆ ಬೇಕಾಗಿದ್ದು ಅದೇ ತಾನೆ? ಸುಮ್ನಿದ್ಬಿಡು," ಎಂದ.

"ಒಂದು ತಿರುಪು ರೈಮೊ. ಒಂದೇ ಒಂದು ತಿರುಪು ಸಡಿಲಿಸೋಕೆ ಸೋಮಾರಿತನ ನಿನಗೆ," ಎಂದು ಕೆಳಗಿಳಿದೆ.

ಕೆಳಗೆ ಎರಡೂ ಊರಿನ ಜನ ಸೇರಿದ್ದರು. ಬ್ರೆಂಡಾ ಮಾತಾಡಿದಳು. ಹಳೆಯ ದ್ವೇಷ ಸಾಕು ಎಂದಳು, ಅರ್ವೊ ಹಿಲ್ಟುನೆನ್‌ನನ್ನು ತನ್ನ ಮನೆಯವರು ಕ್ಷಮಿಸಿದ್ದಾರೆ ಎಂದಳು. ಚಪ್ಪಾಳೆ ಬಿತ್ತು. ಬಟ್ಟೆ ಸರಿಸಲು ರೈಮೊನನ್ನೇ ಕರೆದಳು. ಅವನು ಸರಿಸಿದ. ಹದಿಮೂರು ಹೆಸರು ವರ್ಷದ ಪ್ರಕಾರ ಇದ್ದವು. ಅರ್ವೊನದು ಎಲ್ಲಕ್ಕಿಂತ ಕೆಳಗೆ, ಆಮೇಲೆ ಸೇರಿಸಿದ್ದೆಂದು ಕುರುಡನಿಗೂ ತಿಳಿಯುವಂತೆ.

"ಮಿಸೆಸ್ ಹಿಲ್ಟುನೆನ್, ಎರಡು ಮಾತು ಹೇಳ್ತೀರಾ?"

ನಾನು ಅಣ್ಣನ ಕಡೆ ತಿರುಗಿದೆ. "ನೀನು ಹೇಳ್ತೀಯೋ, ನಾನು ಹೇಳ್ಲೋ?"

ಅವನು ನಕ್ಕ. ಆ ನಗುವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ವಯಸ್ಸಾಯ್ತು ನೋಡಿ ನಮ್ಮ ಸಿಲ್ವಿಗೆ," ಎಂದ ಜನಕ್ಕೆ. "ಮೇಲೆ ಗಂಡನ ಅಕ್ಷರ ನೋಡಿದ್ಲು, ಪಾಪ, ತಡ್ಕೊಳೋಕಾಗ್ತಿಲ್ಲ." ಹೆಂಗಸರು ಲೊಚಗುಟ್ಟಿದರು. ಯಾರೋ ಕುರ್ಚಿ ತಂದರು.

ನಾನು ಕೂರಲಿಲ್ಲ. "ಗ್ಲೆನ್, ಹಾಯಿದೋಣಿಗೆ ಎಷ್ಟು ಅಡಿ ಎತ್ತುತ್ತೀರಿ?"

"ಅರವತ್ತಕ್ಕೆ ಕಮ್ಮಿ ಇಲ್ಲ," ಎಂದ ಗ್ಲೆನ್.

"ಮಾರ್ಗರೆಟ್ ಸತ್ತ ದಿನದ ಸಾಲು ಈಗ ನನ್ನ ಜೊತೆ ನೋಡಿದ್ರಲ್ಲ, ಅದರಲ್ಲಿ ಎಷ್ಟಿದೆ?"

ಗ್ಲೆನ್ ಹಾರ್ಮನ್‌ನಲ್ಲಿ ಹುಟ್ಟಿ ಬೆಳೆದವನು, ಯಾವ ದೋಣಿ ಎಷ್ಟು ಎತ್ತರವೆಂದು ಬಲ್ಲವನು. "ಮೂವತ್ತೆರಡು," ಎಂದ ಮೆಲ್ಲಗೆ, ಮತ್ತು ರೈಮೊನನ್ನು ನೋಡಿದ. ನಮ್ಮ ದಡದ ಮುದುಕರೆಲ್ಲ ಒಬ್ಬೊಬ್ಬರಾಗಿ ರೈಮೊನನ್ನು ನೋಡಿದರು.

"ಹಾಯಿದೋಣಿ ಇರಲೇ ಇಲ್ಲ," ಎಂದೆ ಬ್ರೆಂಡಾಗೆ. "ಸಿಳ್ಳೆ ಹಾಕಿದ್ದು ಇವನು. ಕಂಬಿ ಮಲಗಿಸಿದ್ರೆ ಸೇತುವೆ ಎತ್ತೋದೇ ಬೇಕಿರಲಿಲ್ಲ."

ರೈಮೊ ಟೋಪಿ ತೆಗೆದ. ಇಲ್ಲ ಎನ್ನಲಿಲ್ಲ.

"ಶುಕ್ರವಾರ ಶುಕ್ರವಾರ ಮೀನು," ಎಂದಳು ಬ್ರೆಂಡಾ. "ನಮ್ಮಪ್ಪ ನಿಮ್ಮನ್ನ ಕೂರಿಸ್ಕೊಂಡು ತಿಂತಿದ್ರು. ಜೊತೇಲಿ ಕೂತು ಅರ್ವೊನ ಬೈತಿದ್ರಿ ನೀವೂನು."

ಅದು ನನಗೆ ಗೊತ್ತಿರಲಿಲ್ಲ.

ಬ್ರೆಂಡಾ ನನ್ನ ಕಡೆ ಬಂದು ಕೈ ಹಿಡಿಯಲು ನೋಡಿದಳು. "ನಾವು ಎಂಥ ತಪ್ಪು ಮಾಡಿದ್ವಿ... ಹೆಸರನ್ನ ಮೇಲೆ, ಸರಿಯಾದ ಜಾಗದಲ್ಲಿ ಹಾಕಿಸ್ತೀವಿ," ಎಂದಳು. ಜನ ನನಗೆ ದಾರಿ ಬಿಟ್ಟರು. ನಾನು ಹೋಗಿ ಗಂಡನ ಹೆಸರು ಮುಟ್ಟಿ ಅಳುತ್ತೇನೆಂದು ಕಾದರು.

ಫಲಕದ ಮುಂದೆ ಹೋಗಿ ನಿಂತೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ರೈಮೊನ ಮೇಲೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು. ರೈಮೊ ಹೇಡಿ, ಅದು ಗೊತ್ತಾಯಿತು, ಮುಗಿಯಿತು. ಆದರೆ ಈ ಮನುಷ್ಯ, ಅರ್ವೊ, ಅದಾದ ಮೇಲೂ ನನ್ನ ಪಕ್ಕದಲ್ಲಿ ಮೂವತ್ತೆರಡು ವರ್ಷ ಮಲಗಿದ್ದ. ನಾನು ಕೆಲಸ ಬಿಟ್ಟು ಬಂದ ದಿನ ನೋಡಿದ. ಕಾರಿನಾ ಹದಿನೇಳಕ್ಕೆ ಬಸ್ ಹತ್ತಿ ಹೋಗಿ, ಅಪ್ಪನ ಹೆಣ ನೋಡಲೂ ಬರಲಾರದಷ್ಟು ದೂರವಾದಳು. ಅದಕ್ಕೂ ಬಾಯಿ ಬಿಡಲಿಲ್ಲ. ಅಣ್ಣನ ಮೂರು ಮಕ್ಕಳನ್ನು ಉಳಿಸಲು ನನ್ನ ಒಂದು ಮಗುವನ್ನು ಕೊಟ್ಟ, ನನ್ನನ್ನು ಒಂದು ಮಾತು ಕೇಳದೆ.

"ಹೆಸರು ಎಲ್ಲಿ ಬೇಕಾದ್ರೂ ಹಾಕ್ಕೊಳ್ಳಿ," ಎಂದು ಬ್ರೆಂಡಾಗೆ ಹೇಳಿದೆ. ಕೋಟಿನ ಗುಂಡಿ ಹಾಕಿಕೊಂಡು ಮನೆಯ ಕಡೆ ನಡೆದೆ.