ಸೀಸದ ಹಸುವಿನ ಡುಬ್ಬ

ಮರಿಸ್ವಾಮಿಯ ಮನೆಯಲ್ಲಿ ಬೀಗ ಹಾಕುವಂಥ ಒಂದು ಪೆಟ್ಟಿಗೆಯೂ ಇರಲಿಲ್ಲ. ಅದಕ್ಕೇ ಆರು ಸೀಸದ ಹಸುಗಳು ಕಾರ್ಖಾನೆಯ ಲಾಕರ್ ಸೇರಿದ್ದವು.

ಬೆರಳುದ್ದದ ಆ ಹಸುಗಳು ಅವನ ತಾಯಿ ಮುನಿವೆಂಕಟಮ್ಮನವು. ಮದುವೆಯಾದ ಹೊಸದರಲ್ಲಿ ಆಕೆ ಮತ್ತಿಗಿರಿಯಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಮಗುವನ್ನು ಆಡಿಸುತ್ತಿದ್ದಳು. ನಲವತ್ತೇಳರಲ್ಲಿ ದೊರೆ ಗಂಟುಮೂಟೆ ಕಟ್ಟಿದಾಗ ಮಗುವಿನ ಆಟದ ಸಾಮಾನು ಆಕೆಯ ಮಡಿಲಿಗೆ ಬಿತ್ತು. ಪ್ರತಿ ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿದು ಮಿಕ್ಕ ಬಣ್ಣವನ್ನು ಈ ಹಸುಗಳಿಗೂ ಮೈತುಂಬ ಬಳಿದು ದೇವರ ಮುಂದೆ ಸಾಲಾಗಿ ನಿಲ್ಲಿಸುವಳು. ಈಗ ಆಲಸನತ್ತಂನ ಬಾಡಿಗೆ ಮನೆಯಲ್ಲಿ ಎತ್ತೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಸೀಸದ ಹಸುಗಳಿಗೆ ಮಾತ್ರ ಬಣ್ಣ ತಪ್ಪಿರಲಿಲ್ಲ.

ಮರಿಸ್ವಾಮಿಯ ಒಂದು ವರ್ಷದ ಮಗಳು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಿದ್ದಳು. ಅವನು ದುಡಿಯುತ್ತಿದ್ದುದು ಬ್ಯಾಟರಿ ಕಾರ್ಖಾನೆಯಲ್ಲಿ. ಸೀಸ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಸುಗಳನ್ನು ಒಯ್ದು ಲಾಕರಿನಲ್ಲಿಟ್ಟ. ಒಳಗೆ ತರುವಾಗ ಯಾರೂ ಚೀಲ ನೋಡಲಿಲ್ಲ. ಎಂಬತ್ಮೂರರ ಸಂಕ್ರಾಂತಿಯ ಹಿಂದಿನ ದಿನ ಹೊರಗೆ ಒಯ್ಯುವಾಗ ನೋಡಿದರು.

"ಇದು ಎನ್ನಪ್ಪಾ?" ಎಂದು ತಮಿಳು ಬೆರೆಸಿ ಕೇಳಿದ ಗೇಟಿನ ಕಾವಲುಗಾರ ಚಿನ್ನಸ್ವಾಮಿ.

"ನಮ್ಮವ್ವಂದು ಅಣ್ಣ. ಆಟದ ಸಾಮಾನು."

"ಆಟದ ಸಾಮಾನು ಸೀಸದಾಗೆ ಮಾಡ್ತಾರಾ? ಒಳಗಡೆ ಏನು ಕರಗಿಸ್ತಾರೆ, ಬೆಲ್ಲನಾ?" ಚಿನ್ನಸ್ವಾಮಿ ರಿಜಿಸ್ಟರ್ ತೆಗೆದ.

ಮರಿಸ್ವಾಮಿಯ ಕೆಲಸ ಖಾಯಂ ಆಗಲು ಹದಿನೇಳು ದಿನ ಬಾಕಿ ಇತ್ತು. ರಿಜಿಸ್ಟರಿನಲ್ಲಿ ಕಳವು ಎಂದು ಒಂದು ಸಾಲು ಬಿದ್ದರೆ ಹದಿನೆಂಟನೆಯ ದಿನ ಅವನು ಮನೆಯಲ್ಲಿರುತ್ತಿದ್ದ. ಎರಕದ ವಿಭಾಗದ ಮೇಸ್ತ್ರಿ ಜಯರಾಮಯ್ಯನವರನ್ನು ಕರೆಸಿ, ಅವರು ಹೇಳಿದ ಮೇಲೆ ಬರೆದುಕೊಳ್ಳಿ ಎಂದು ಬೇಡಿಕೊಂಡ. ಪಕ್ಕದ ಮನೆಯವನೊಬ್ಬ ಸೈಕಲ್ಲಿನಲ್ಲಿ ಹೋಗುತ್ತಿದ್ದ, ಅವನ ಕೈಲಿ ತಾಯಿಗೆ ಹೇಳಿಕಳಿಸಿದ.

ಜಯರಾಮಯ್ಯ ಬೆಂಗಳೂರಿನವರು, ಇಪ್ಪತ್ತು ವರ್ಷ ಸೀಸ ಎರೆದವರು. ಒಂದು ಹಸುವನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಟೊಳ್ಳು. ಅಚ್ಚಿಗೆ ಸೀಸ ಹೊಯ್ದು, ಹೊರಮೈ ಗಟ್ಟಿಯಾದ ಕೂಡಲೇ ಒಳಗಿಂದನ್ನ ವಾಪಸ್ ಸುರೀಬೇಕು. ಇಂಗ್ಲೆಂಡಿನ ಕಂಪನಿಯವರು ಹಿಂಗೆ ಮಾಡ್ತಿದ್ರು. ನಮ್ಮ ಹುಡುಗರ ಕೈಲಿ ಆಗಲ್ಲ."

ಮರಿಸ್ವಾಮಿ ಉಸಿರು ಬಿಟ್ಟ. ಬೇಗ ಬಿಟ್ಟನೆಂದು ಮರುಕ್ಷಣವೇ ಗೊತ್ತಾಯಿತು.

"ಆದ್ರೆ ಡುಬ್ಬ ಇದೆಯಲ್ಲಪ್ಪ," ಎಂದರು ಜಯರಾಮಯ್ಯ. "ವಿಲಾಯತಿ ಹಸುವಿಗೆ ಬೆನ್ನು ಸಪಾಟು. ಡುಬ್ಬ ಇರೋದು ನಮ್ಮ ದನಕ್ಕೆ. ಇದನ್ನ ಮಾಡಿದವನು ಇಲ್ಲಿಯವನೇ."

ಹುಟ್ಟಿದಾಗಿನಿಂದ ಆರಕ್ಕೂ ಡುಬ್ಬ ಇದ್ದದ್ದನ್ನೇ ಮರಿಸ್ವಾಮಿ ನೋಡಿದ್ದ. ಅವ್ವ ಸುಳ್ಳು ಹೇಳಿದಳೇ ಎಂಬ ಅನುಮಾನ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು, ಆದರೆ ಅನುಮಾನ ಹೋಗಲಿಲ್ಲ.

ಕಂಪನಿಯ ಗುರುತು ಬಣ್ಣದ ಕೆಳಗಿರಬಹುದೆಂದು ಜಯರಾಮಯ್ಯ ಹಸುವನ್ನು ಎರಕದ ವಿಭಾಗಕ್ಕೆ ಒಯ್ದು ಇಕ್ಕಳದಲ್ಲಿ ಹಿಡಿದು ಒಲೆಯ ಮೇಲೆ ಕಾಯಿಸಿದರು. ಬಣ್ಣ ಹೊಗೆಯಾಯಿತು. ಬಣ್ಣದ ಹಿಂದೆಯೇ ಕಾಲುಗಳು ಸೋರಿದವು, ಆಮೇಲೆ ಹಸುವೇ ಕುಸಿದು ಬಿತ್ತು.

"ತಪ್ಪಾಯ್ತು," ಎಂದರು ಜಯರಾಮಯ್ಯ.

ಮುನಿವೆಂಕಟಮ್ಮ ಬಂದಾಗ ಐದು ಹಸುಗಳು ಮೇಜಿನ ಮೇಲಿದ್ದವು. ಆಕೆ ವಿಷಯ ಕೇಳಿ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು.

"ಡುಬ್ಬ ದೊರೇದಲ್ಲ ಸ್ವಾಮಿ, ನಮ್ಮ ಮನೇವ್ರದು. ಡುಬ್ಬ ಇಲ್ದಿದ್ರೆ ಹಸ ಕತ್ತೆ ಇದ್ದಂಗೆ ಐತೆ, ದೇವ್ರ ಮುಂದೆ ಹೆಂಗೆ ಇಕ್ಕೋದು ಅಂತ ಅರಗು ಕಾಸಿ ಅಂಟಿಸಿದ್ರು."

"ನಂಗ್ಯಾಕೆ ಹೇಳ್ಲಿಲ್ಲವ್ವ?" ಎಂದ ಮರಿಸ್ವಾಮಿ.

"ನೀನ್ಯಾವತ್ತು ಕೇಳ್ದೆ ಕಣ್ಲಾ?"

ಕ್ಯಾಂಟೀನಿನಿಂದ ಕುದಿನೀರು, ಪಾತ್ರೆ ತೊಳೆಯುವ ಸೋಡಾ ತರಿಸಿ ಐದನ್ನೂ ಮುಳುಗಿಸಿದರು. ಸ್ವಲ್ಪ ಹೊತ್ತಿಗೆ ಡುಬ್ಬಗಳು ಮೆತ್ತಗಾಗಿ ಕಳಚಿದವು. ಬಣ್ಣ ದಪ್ಪ ಸಿಪ್ಪೆಯಾಗಿ ಎದ್ದಿತು. ನಾಲ್ಕರ ಹೊಟ್ಟೆಯ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳು ಮೂಡಿದವು. ಕಂಪನಿಯ ಹೆಸರು ಸವೆದಿತ್ತು. ಇಂಗ್ಲೆಂಡ್ ಎಂಬುದು ಮಾತ್ರ ಚೆನ್ನಾಗಿ ಓದಲು ಬರುತ್ತಿತ್ತು.

ಐದನೆಯದರ ಡುಬ್ಬ ಬೀಳಲಿಲ್ಲ. ಹೊಟ್ಟೆಯ ಕೆಳಗೆ ಅಕ್ಷರವೂ ಇರಲಿಲ್ಲ. ಜಯರಾಮಯ್ಯ ಎತ್ತಿದರು. ಭಾರವಿತ್ತು, ಗಟ್ಟಿ ಎರಕ.

"ಇದು?" ಚಿನ್ನಸ್ವಾಮಿ ಮುಚ್ಚಿದ ರಿಜಿಸ್ಟರನ್ನು ಮತ್ತೆ ತೆರೆದ.

"ಅದು ಇವರಪ್ಪ ಎರೆದಿದ್ದು," ಎಂದಳು ಮುನಿವೆಂಕಟಮ್ಮ. "ದೊರೆ ಕೊಟ್ಟಿದ್ದು ಐದೇ. ದನ ಒಂಟಿ ಇರಬಾರ್ದು, ಜೋಡಿ ಆಗ್ಲಿ ಅಂತ ಜೇಡಿಮಣ್ಣಲ್ಲಿ ಅಚ್ಚು ಮಾಡಿ ಒಂದು ಎರೆದ್ರು. ಪಾತ್ರೆಗೆ ಕಲಾಯಿ ಹಾಕ್ತಿದ್ರು ಸ್ವಾಮಿ, ಸೀಸ ಮನೇಲೇ ಇತ್ತು."

ಅಪ್ಪ ತೀರಿಕೊಂಡಾಗ ಮರಿಸ್ವಾಮಿಗೆ ನಾಲ್ಕು ವರ್ಷ. ಅವನು ಹಸುವನ್ನೇ ನೋಡಿದ. ಮೂತಿ ವಾರೆಯಾಗಿತ್ತು.

ಆ ಹಸುವಿನಿಂದ ಎದ್ದ ಬಣ್ಣದ ಸಿಪ್ಪೆಯನ್ನು ಜಯರಾಮಯ್ಯ ಬ್ಲೇಡಿನಿಂದ ಕತ್ತರಿಸಿ ಅದರ ಅಂಚನ್ನು ಬೆಳಕಿಗೆ ಹಿಡಿದರು. ನೀಲಿ, ಕೆಂಪು, ಹಳದಿ, ಮತ್ತೆ ಕೆಂಪು. ಇಪ್ಪತ್ಮೂರು ಪದರ ಎಣಿಸಿ, ಇನ್ನೂ ಉಳಿದಿರುವಾಗಲೇ ಕಣ್ಣು ಉಜ್ಜಿಕೊಂಡರು.

"ವರ್ಷಕ್ಕೊಂದು ಸಲ ಬಳೀತಿದ್ರಾ ತಾಯಿ?"

"ಇನ್ನೇನು ವಾರಕ್ಕೊಂದು ಸಲನಾ?"

"ನಮ್ಮ ಕಾರ್ಖಾನೆ ಶುರುವಾಗಿ ಐದು ವರ್ಷ ಚಿನ್ನಸ್ವಾಮಿ. ಇದು ನಮ್ಮ ಸೀಸ ಅಲ್ಲ."

ಚಿನ್ನಸ್ವಾಮಿ ಖಾಲಿ ಪುಟವನ್ನೊಮ್ಮೆ ನೋಡಿ ರಿಜಿಸ್ಟರ್ ಮುಚ್ಚಿದ. "ಪೋ ಪಾ, ಪೊಂಗಲ್ ಮಾಡು," ಎಂದ.

ಗೇಟು ದಾಟಿದ ಮೇಲೆ ಮರಿಸ್ವಾಮಿ ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕುಳಿತು ಸುಮ್ಮನೆ ನಕ್ಕ. ಹಸಿವಾಗುತ್ತಿರುವುದು ಆಗ ಗೊತ್ತಾಯಿತು. ಮುನಿವೆಂಕಟಮ್ಮ ಚೀಲ ಬಿಚ್ಚಿ ನೋಡುತ್ತಿದ್ದಳು.

"ಮತ್ತೆ ಐದೇ ಆದ್ವು. ನೀನೂ ಒಂದು ಎರಿಲಾ. ಆದ್ರೆ ಫ್ಯಾಕ್ಟ್ರಿ ಸೀಸದಾಗೆ ಬ್ಯಾಡ."

ಮರಿಸ್ವಾಮಿ ಬರುವ ದಾರಿಯಲ್ಲಿ ಬೀಗವಿರುವ ಒಂದು ತಗಡಿನ ಪೆಟ್ಟಿಗೆ ಕೊಂಡ. ಮಾರನೆಯ ದಿನ ನಾಲ್ಕು ಸಪಾಟು ಬೆನ್ನಿನ ಹಸುಗಳು, ಒಂದು ಡುಬ್ಬದ ಹಸು ದೇವರ ಮುಂದೆ ನಿಂತವು. ಹೋದದ್ದು ಹಸು ಒಂದು, ಡುಬ್ಬ ಐದು.