ಮಾವನ ಬಿಳಿ ಕಲ್ಲು

ಮೇಸ್ತ್ರಿಯ ಮಾವ ಇಡೀ ಬಂದರಿಗೆ ಕೇಳುವಂತೆ ಕೊಚ್ಚಿಕೊಳ್ಳುತ್ತಿದ್ದ ಮಾತು ಒಂದೇ: "ನಾನು ಕಣ್ಣು ಮುಚ್ಕೊಂಡು ಬೋಟು ಒಳಗೆ ತರ್ತೀನಿ."

ಬಂದರಿನ ಬಾಯಿಯ ಎರಡೂ ಕಡೆ ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ತಡೆಗೋಡೆಗಳಿದ್ದವು. ಅವುಗಳ ಉಸ್ತುವಾರಿ ಮೇಸ್ತ್ರಿಯದು. ಅಲೆ ಒಂದು ಬಂಡೆಯನ್ನು ಉರುಳಿಸಿತೆಂದರೆ ಕ್ರೇನು ತರಿಸಿ, ಅಕ್ಕಪಕ್ಕದವು ಕಚ್ಚಿ ಹಿಡಿಯುವಂತೆ ಇನ್ನೊಂದನ್ನು ಕೂರಿಸಬೇಕು. ಈ ಕೆಲಸದ ಬಗ್ಗೆ ಮಾವನಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಬೋಟು ಹತ್ತಿದರೆ ವಾಂತಿ ಮಾಡಿಕೊಳ್ಳುವ ಗಂಡಸಿಗೆ ಮಗಳನ್ನು ಕೊಟ್ಟದ್ದೇ ತಮ್ಮ ಜನ್ಮದ ದೊಡ್ಡ ತಪ್ಪೆಂದು ಅವರು ತಿಳಿದಿದ್ದರು. ಅಳಿಯನನ್ನು ಕರೆಯುತ್ತಿದ್ದುದೂ ಜಲ್ಲಿ ಎಂದೇ.

"ಏನ್ ಜಲ್ಲಿ, ಇವತ್ತು ಎಷ್ಟು ಕಲ್ಲು ಎತ್ತಿ ಹಾಕ್ದೆ? ಸಮುದ್ರ ಹೆದರ್ಕೊಳ್ತಾ?"

ಮೇಸ್ತ್ರಿ ಹಲ್ಲು ಕಿರಿಯುತ್ತಿದ್ದ. ಒಳಗೊಳಗೇ ಕುದಿಯುತ್ತಿದ್ದ. ಈ ಮುದುಕನ ಜಂಬ ಒಂದಲ್ಲ ಒಂದು ದಿನ ಇಳಿಯಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು ಎಂಬುದು ಅವನ ಬಹುಕಾಲದ ಆಸೆ.

ಹೀಗಿರುವಾಗ ಇಲಾಖೆಯ ದೊಡ್ಡವರು ಬಂದರು ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಬಂದರಿನ ಸಾಹೇಬರು ತಡೆಗೋಡೆಯ ಮೇಲೆ ಒಂದು ಸುತ್ತು ಹೊಡೆದು ಮೂಗು ಮುಚ್ಚಿಕೊಂಡರು. ಗೋಡೆ ಒಳಕ್ಕೆ ಬಾಗುವ ಮೂಲೆಯಲ್ಲಿ ಒಂದು ದೊಡ್ಡ ಬಂಡೆಯಿತ್ತು. ಊರಿನ ಕಡಲಹಕ್ಕಿಗಳಿಗೆಲ್ಲ ಅದೇ ಪಾಯಿಖಾನೆ. ತಲೆಮಾರುಗಳ ಹಿಕ್ಕೆ ಗಟ್ಟಿಯಾಗಿ ಬಂಡೆ ಬೆಳ್ಳಗೆ ಹೊಳೆಯುತ್ತಿತ್ತು.

"ಥೂ! ಫೋಟೋದಲ್ಲಿ ಇದೇ ಮೊದಲು ಕಾಣೋದು ಕಣ್ರೀ. ತೊಳೆಸಿ," ಅಂದರು ಸಾಹೇಬರು.

ಮೇಸ್ತ್ರಿ ಮಾಡುವ ಕೆಲಸವನ್ನು ಅರ್ಧಂಬರ್ಧ ಮಾಡಿದವನಲ್ಲ. ಮರುದಿನವೇ ದೊಡ್ಡವರು ಬರುವುದಿತ್ತು. ಬೆಳಿಗ್ಗೆ ಬೇಗನೆ ಪಂಪು ಹಚ್ಚಿ, ತಂತಿಯ ಬ್ರಷ್ಷು ಹಿಡಿದು, ಬಂಡೆಯ ಕರೀ ಮೈ ಕಾಣುವವರೆಗೂ ತಾನೇ ನಿಂತು ಉಜ್ಜಿದ. ಮಧ್ಯಾಹ್ನ ಊಟಕ್ಕೆ ಹೆಂಡತಿಯ ತವರಿಗೆ ಹೋದಾಗ, ಅತ್ತೆಯ ಮುಂದೆ ಆ ಸಾಹಸವನ್ನು ಸ್ವಲ್ಪ ಬಣ್ಣ ಹಚ್ಚಿಯೇ ವರ್ಣಿಸಿದ.

ಅತ್ತೆಯ ಕೈಯಲ್ಲಿದ್ದ ಸೌಟು ಜಾರಿ ಪಾತ್ರೆಯೊಳಗೆ ಬಿತ್ತು.

"ಯಾವ ಕಲ್ಲು? ಮೂಲೇಲಿರೋ ಬಿಳೀ ಕಲ್ಲಾ?"

"ಇನ್ಮೇಲೆ ಕರೀ ಕಲ್ಲು ಅತ್ತೆ."

"ಅಯ್ಯೋ ನಿನ್ನ! ನಿಮ್ಮ ಮಾವ ಅದನ್ನ ನೋಡ್ಕೊಂಡೇ ಒಳಗೆ ಬರೋದು!"

ಆ ಕಲ್ಲು ಊರಿನ ನೀರಿನ ಟ್ಯಾಂಕಿನ ನೇರ ಕೆಳಗೆ ಕಾಣುವಂತೆ ಹಿಡಿದರೆ ಬೋಟು ಸರಿಯಾದ ದಾರಿಯಲ್ಲಿದೆ ಎಂದು ಲೆಕ್ಕ. ಕಳೆದ ಬಿರುಗಾಳಿಯಲ್ಲಿ ಎದುರುಗೋಡೆಯಿಂದ ಉರುಳಿದ ಬಂಡೆಗಳು ನೀರಿನಡಿ ಬಾಯಿ ತೆರೆದು ಕೂತಿದ್ದವು. ಬೋಟು ಸ್ವಲ್ಪ ಆಚೆ ಸರಿದರೂ ತಳ ಸೀಳಿಹೋದಂತೆಯೇ. ಉಳಿದವರು ಬಂದರಿನವರು ತೇಲಿಬಿಟ್ಟ ಕೆಂಪು ಪೀಪಾಯಿಗಳನ್ನು ನೋಡಿಕೊಂಡು ಬರುತ್ತಿದ್ದರು. ಮಾವನಿಗೆ ಪೀಪಾಯಿಯ ಮೇಲೆ ನಂಬಿಕೆಯಿರಲಿಲ್ಲ. ಕಣ್ಣು ಮುಚ್ಚಿಕೊಂಡು ಬರುವ ಮಹಾಶೂರರು ಹಕ್ಕಿಯ ಹಿಕ್ಕೆ ನೋಡಿಕೊಂಡು ಬರುತ್ತಾರೆಂದು ಹೆಂಡತಿಗಲ್ಲದೆ ನರಪಿಳ್ಳೆಗೂ ಗೊತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ಮೇಸ್ತ್ರಿ ನೆಲಕ್ಕೆ ಬಿದ್ದು ಹೊರಳಾಡಿ ನಗುತ್ತಿದ್ದ. ಈಗ ನಗುವ ಹೊತ್ತಲ್ಲ. ನಸುಕಿನಲ್ಲೇ ಮೀನಿಗೆ ಹೋದ ಮಾವ ಇನ್ನೂ ಸಮುದ್ರದಲ್ಲಿದ್ದರು. ಅವರ ಫೋನು ಎಂದಿನಂತೆ ಮನೆಯ ಗೂಡಿನಲ್ಲಿತ್ತು. ವೈರ್‌ಲೆಸ್ಸು ಹರಟೆಮಲ್ಲರಿಗೆ ಎಂದು ಅವರು ಅದನ್ನು ಹಚ್ಚುತ್ತಲೇ ಇರಲಿಲ್ಲ. ಬಂದರಿನ ಲಾಂಚು ದೊಡ್ಡವರನ್ನು ಕೂರಿಸಿಕೊಂಡು ಆಚೆ ದಡಕ್ಕೆ ಹೋಗಿತ್ತು. ಮುದುಕನ ಜಂಬ ಇಳಿಯಲಿ ಎಂದು ಬಯಸಿದ್ದು ನಿಜ. ಮುದುಕನೇ ಇಳಿದುಹೋಗಲಿ ಎಂದು ಅವನು ಒಂದು ದಿನವೂ ಬಯಸಿರಲಿಲ್ಲ.

ಅತ್ತೆ ಹಿತ್ತಲಿನಿಂದ ಸುಣ್ಣದ ಬಕೆಟ್ಟು ತಂದು ಕೈಗೆ ತುರುಕಿದರು. "ಬಳಿ ಹೋಗು! ನಿಂತ್ಕೊಂಡು ನನ್ನ ಮುಖ ಏನ್ ನೋಡ್ತೀಯ?"

ಮೇಸ್ತ್ರಿ ಓಡಿದ. ದೊಡ್ಡವರ ಸ್ವಾಗತಕ್ಕೆಂದು ತೊಟ್ಟಿದ್ದ ಹೊಸ ಬಿಳಿ ಅಂಗಿ, ಬಿಳಿ ಪ್ಯಾಂಟಿನಲ್ಲೇ ಬಂಡೆಯಿಂದ ಬಂಡೆಗೆ ಹಾರುತ್ತ, ಬಕೆಟ್ಟಿನ ಅರ್ಧ ಸುಣ್ಣವನ್ನು ತನ್ನ ಮೇಲೇ ಚೆಲ್ಲಿಕೊಳ್ಳುತ್ತ ಮೂಲೆ ಮುಟ್ಟಿದ. ಬಳಿದ. ಒಂದು ಅಲೆ ಬಂದು ತೊಳೆದುಕೊಂಡು ಹೋಯಿತು. ಮತ್ತೆ ಬಳಿದ. ಇನ್ನೊಂದು ಅಲೆ ಬಂತು. ಒದ್ದೆ ಕಲ್ಲಿಗೆ ಸುಣ್ಣ ಹಿಡಿಯಲೊಲ್ಲದು. ಹಕ್ಕಿಗಳು ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಅವನಿಂದ ಒಂದು ಗಳಿಗೆಯಲ್ಲಿ ಆಗುವಂತಿರಲಿಲ್ಲ.

ತಲೆಯೆತ್ತಿ ನೋಡಿದರೆ ಮಾವನ ನೀಲಿ ಬೋಟು ಬಂದರಿನ ಬಾಯಿಯ ಹೊರಗೆ ಏಳುತ್ತ ಬೀಳುತ್ತ ಅತ್ತಿತ್ತ ತಡಕಾಡುತ್ತಿತ್ತು. ಕಲ್ಲು ಕಾಣದೆ ಮುದುಕ ದಿಕ್ಕು ತಪ್ಪಿದ್ದರು. ಹಿಂದಿನಿಂದ ದೊಡ್ಡ ಅಲೆಗಳು ಬೋಟನ್ನು ಎದುರುಗೋಡೆಯ ಕಡೆ ತಳ್ಳುತ್ತಿದ್ದವು.

ಮೇಸ್ತ್ರಿ ಬಕೆಟ್ಟು ಬಿಸಾಡಿ ಬಂಡೆಯ ನೆತ್ತಿ ಹತ್ತಿದ. ಎರಡೂ ಕೈ ಅಗಲಿಸಿ, ಹೊಟ್ಟೆ ಮುಂದೆ ಮಾಡಿ, ತನ್ನ ಅಷ್ಟಗಲ ಬಿಳಿ ಮೈಯನ್ನು ಸಮುದ್ರಕ್ಕೆ ತೋರಿಸಿ ನಿಂತ. ಅಲೆಗಳು ಸೊಂಟಕ್ಕೆ ಬಡಿದವು. ಮೇಲೆ ಸುತ್ತುತ್ತಿದ್ದ ಹಕ್ಕಿಗಳು ತಮ್ಮ ಪಾಯಿಖಾನೆಯ ಮೇಲೆ ನಿಂತವನನ್ನು ನೋಡಿ ಸಂಕೋಚಪಡದೆ ತಮ್ಮ ಕೆಲಸ ಮಾಡಿದವು. ತಲೆಗೊಂದು, ಹೆಗಲಿಗೊಂದು ಬಿತ್ತು. ಅವನು ಅಲ್ಲಾಡಲಿಲ್ಲ.

"ಹಾಕ್ರೋ, ಇನ್ನೂ ಹಾಕ್ರೋ!" ಎಂದು ಅಳುತ್ತಲೇ ಕೂಗಿದ.

ಬೋಟಿನ ಮೂತಿ ನಿಧಾನವಾಗಿ ಅವನ ಕಡೆ ತಿರುಗಿತು. ನೇರವಾಯಿತು. ದಾರ ಕಟ್ಟಿ ಎಳೆದಂತೆ ಗೋಡೆಗಳ ನಡುವೆ ಒಳಗೆ ಬಂತು.

ಬೋಟು ಕಟ್ಟುವ ದಕ್ಕೆಯಲ್ಲಿ ಜನ ಸೇರಿದ್ದರು. "ಈ ಅಲೇಲಿ ಹೇಗ್ರೀ ಬಂದ್ರಿ ಯಜಮಾನ್ರೇ?" ಎಂದು ಯಾರೋ ಕೇಳಿದರು. ಮಾವ ಬಾಯಿ ತೆರೆದರು. ಅಷ್ಟರಲ್ಲಿ ತಲೆಯಿಂದ ಕಾಲಿನವರೆಗೆ ಸುಣ್ಣ, ಹಿಕ್ಕೆ ಬಳಿದುಕೊಂಡು ಬರುತ್ತಿದ್ದ ಅಳಿಯ ಕಣ್ಣಿಗೆ ಬಿದ್ದ. ಮಾವ ಹಗ್ಗ ಕಟ್ಟುವ ನೆಪದಲ್ಲಿ ಬಗ್ಗಿದರು. ಮುಖ ಹುಳ್ಳಗಾಯಿತು.

ಮೇಸ್ತ್ರಿ ಇಷ್ಟು ವರ್ಷ ಕಾದಿದ್ದ ಗಳಿಗೆ ಕೈಗೆ ಬಂದಿತ್ತು. ಒಂದು ಮಾತು ಸಾಕಿತ್ತು. ಆದರೆ ಮಾವ ಅದೇ ಗಂಟನ್ನು ಮೂರನೇ ಸಲ ಬಿಚ್ಚಿ ಕಟ್ಟುತ್ತಿದ್ದುದನ್ನು ಅವನು ನೋಡಿದ.

"ಕಣ್ಣು ಮುಚ್ಕೊಂಡೇ ಬಂದ್ರು ಕಣ್ರಯ್ಯ," ಅಂದ. "ಎದುರಿಗೇ ನಿಂತು ನೋಡಿದ್ದೀನಲ್ಲ!"

ಮರುದಿನ ಬೆಳಿಗ್ಗೆ ಸಾಹೇಬರು ಗೋಡೆಯ ಮೇಲೆ ಬಂದಾಗ, ಮಾವ ಅಳಿಯ ಇಬ್ಬರೂ ಆ ಬಂಡೆಯ ಪಕ್ಕದಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ನಡುವೆ ಒಂದು ಬುಟ್ಟಿ ಮೀನಿನ ತಲೆ. ಮಾವ ಒಂದೊಂದನ್ನೇ ಕಲ್ಲಿನ ಮೇಲೆ ಎಸೆಯುತ್ತಿದ್ದರು. ಹಕ್ಕಿಗಳು ತಿನ್ನುತ್ತಿದ್ದವು. ಇಬ್ಬರೂ ಉಸಿರು ಬಿಗಿಹಿಡಿದು ಹಕ್ಕಿಗಳ ಹಿಂಭಾಗವನ್ನೇ ನೋಡುತ್ತಿದ್ದರು.

"ಏನ್ರೀ ಇದು?" ಅಂದರು ಸಾಹೇಬರು.

ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಮಾವ ತಿರುಗಿದರು.

"ಸ್ವಲ್ಪ ಮೆತ್ತಗೆ ಮಾತಾಡಿ ಸ್ವಾಮಿ. ನಮ್ಮ ಅಳಿಯಂದಿರು ರಿಪೇರಿ ಮಾಡಿಸ್ತಿದ್ದಾರೆ."